ಜ್ವರದ ಎಷ್ಟನೇ ದಿನದ ರಕ್ತ? ಬ್ಯಾಕ್ಟೀರಿಯಾ ಮತ್ತು ವೈರಸ್ ಸೋಂಕುಗಳನ್ನು ವರದಿಯಲ್ಲಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಮಳೆಗಾಲ ಕಾಲಿಟ್ಟಿತೆಂದರೆ ಉತ್ತರ ಕನ್ನಡದ ಪ್ರಯೋಗಾಲಯಗಳ ಮುಂದೆ ಜ್ವರದವರ ಸಾಲು ಬೆಳೆಯುತ್ತದೆ. ನಾಟಿ ಮುಗಿಸಿದ ಕುಮಟೆಯ ಕೃಷಿಕಾರ್ಮಿಕರು, ಅಡಿಕೆಗೆ ಮೈಲುತುತ್ತದ ದ್ರಾವಣ ಹೊಡೆದು ಬಂದ ಶಿರಸಿಯ ಕೊನೆಗೌಡರು, ಗೋವಾ ಅಥವಾ ಮಲ್ಪೆಯ ಬಂದರಿನಿಂದ ಊರಿಗೆ ಮರಳಿದ ಕಾರವಾರದ ಮೀನುಗಾರರು, ಎಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ಚೀಟಿ. ಎಲ್ಲರದೂ ಒಂದೇ ಪ್ರಶ್ನೆ: ಇದಕ್ಕೆ ಆ್ಯಂಟಿಬಯೋಟಿಕ್ ಬೇಕೋ, ಬೇಡವೋ?

ಪ್ರಶ್ನೆ ನ್ಯಾಯವಾದದ್ದೇ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನು ಮುಟ್ಟುವುದೂ ಇಲ್ಲ. ಬೇಡದ ಕಡೆ ನುಂಗಿದರೆ ದೇಹದಲ್ಲಿರುವ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಜಗ್ಗದಂತೆ ಬಲಿಯುತ್ತವೆ. ಬೇಕಾದ ಕಡೆ ತಡವಾದರೆ ಮೂತ್ರಪಿಂಡವೋ ಶ್ವಾಸಕೋಶವೋ ಕೈಕೊಡುತ್ತದೆ. ಆದರೆ ಈ ಪ್ರಶ್ನೆಗೆ 'ಹೌದು' ಅಥವಾ 'ಇಲ್ಲ' ಎಂದು ತಾನೊಂದೇ ನಿಂತು ಹೇಳಬಲ್ಲ ರಕ್ತಪರೀಕ್ಷೆ ಇಲ್ಲ. ಪ್ರತಿ ಪರೀಕ್ಷೆಗೂ ಅದರದೇ ದಿನವಿದೆ. ಆ ದಿನಕ್ಕೆ ಮೊದಲು ರಕ್ತ ಕೊಟ್ಟರೆ ಕಾಯಿಲೆ ಇದ್ದೂ ವರದಿ ಖಾಲಿ ಬರುತ್ತದೆ, ದಿನ ದಾಟಿದ ಮೇಲೆ ಕೊಟ್ಟರೆ ಸಾಕ್ಷಿ ಅಳಿಸಿಹೋಗಿರುತ್ತದೆ. ಸೂಕ್ಷ್ಮದರ್ಶಕದ ಮುಂದೆ ಕೂತು ಕೆಲಸ ಮಾಡುವ ನನಗೆ ಚೀಟಿಯ ಮೇಲೆ ಕಾಣಬೇಕೆನಿಸುವ ಮೊದಲ ಮಾಹಿತಿ ರೋಗಿಯ ವಯಸ್ಸಲ್ಲ, ಜ್ವರದ ದಿನ.

ಔಷಧ ಬರೆಯುವುದು ವೈದ್ಯರ ಕೆಲಸ. ವರದಿ ಕೈಗೆ ಬಂದಾಗ ಅದರಲ್ಲಿ ಏನಿದೆ, ಏನಿಲ್ಲ ಎಂದು ತಿಳಿದು ಅವರೊಡನೆ ಮಾತಾಡಲು ಈ ಬರಹ ನೆರವಾಗಲಿ.

ಮೊದಲ ಹೆಜ್ಜೆ: ರಕ್ತ ಕೊಡುವ ಮೊದಲು ಚೀಟಿಯ ಹಿಂದೆ ಬರೆಯಿರಿ

ಜ್ವರ ಶುರುವಾದ ದಿನವನ್ನು ಒಂದನೇ ದಿನವೆಂದು ಹಿಡಿದು ಎಣಿಸಿ. 'ಮೂರ್ನಾಲ್ಕು ದಿನದಿಂದ' ಎಂದರೆ ಸಾಲದು. ಸೋಮವಾರ ರಾತ್ರಿ ಚಳಿ ಬಂತು, ಇಂದು ಗುರುವಾರ, ಹಾಗಾದರೆ ನಾಲ್ಕನೇ ದಿನ ಎಂದು ಖಚಿತವಾಗಿ ಬರೆಯಿರಿ. ಅದರ ಕೆಳಗೆ ಈಗಾಗಲೇ ನುಂಗಿದ ಮಾತ್ರೆಗಳ ಹೆಸರು ಬರಲಿ, ಅಂಗಡಿಯಿಂದ ಕೇಳಿ ತಂದದ್ದೂ ಸೇರಿ. ಅಸ್ತಮಾಕ್ಕೋ ಕೀಲುನೋವಿಗೋ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯಲೇಬೇಡಿ. ಸ್ಟೀರಾಯ್ಡ್ ಬಿಳಿ ರಕ್ತಕಣಗಳನ್ನು ಏರಿಸಿ, ಸಿಆರ್‌ಪಿಯನ್ನು (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೊಟೀನ್) ತಗ್ಗಿಸಿ, ವರದಿಯನ್ನೇ ತಲೆಕೆಳಗು ಮಾಡಬಲ್ಲದು.

ಆಮೇಲೆ ನೀವು ಎಲ್ಲಿಗೆ ಹೋಗಿದ್ದಿರಿ ಎಂಬುದು. ಈ ಜಿಲ್ಲೆಯಲ್ಲಿ ಇದಕ್ಕೆ ಬಹಳ ಬೆಲೆಯಿದೆ. ಬರಿಗಾಲಲ್ಲಿ ಕೆಸರಿನ ಗದ್ದೆಗೆ ಇಳಿದಿದ್ದೀರಾ? ಇಲಿ ಜ್ವರದ ಅನುಮಾನ ಬೇಕು. ದರಕು (ಒಣ ತರಗೆಲೆ) ಗುಡಿಸಲು ಬೆಟ್ಟಕ್ಕೆ ಹೋಗಿ ಉಣುಗು (ಉಣ್ಣೆ ಹುಳ) ಕಚ್ಚಿಸಿಕೊಂಡಿರಾ, ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಕೇಳಿದ್ದೀರಾ? ಮಂಗನ ಕಾಯಿಲೆಯನ್ನು ನೆನೆಯಬೇಕು. ಪೊದೆ, ಹುಲ್ಲುಗಾವಲಿನಲ್ಲಿ ಓಡಾಡಿದವರಿಗೆ ಸ್ಕ್ರಬ್ ಟೈಫಸ್ ಎಂಬ, ಸಣ್ಣ ಹುಳ ಕಚ್ಚಿ ಹರಡುವ ಬ್ಯಾಕ್ಟೀರಿಯಾ ಜ್ವರ ಬರಬಹುದು. ಬಂದರಿನಲ್ಲಿ, ಕಟ್ಟಡ ಕೆಲಸದ ಜಾಗದಲ್ಲಿ ಮಲಗಿದ್ದವರಿಗೆ ಮಲೇರಿಯಾ ಪರೀಕ್ಷೆ ತಪ್ಪಿಸಬಾರದು. ಮಲೇರಿಯಾ ಬ್ಯಾಕ್ಟೀರಿಯಾವೂ ಅಲ್ಲ, ವೈರಸ್ಸೂ ಅಲ್ಲ. ಅದೊಂದು ಪರಾವಲಂಬಿ ಜೀವಿ. ಅದರಲ್ಲೂ ಸಿಆರ್‌ಪಿ ಏರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಎರಡೇ ಗುಂಪು ಎಂದುಕೊಂಡು ಹೊರಟವರು ಈ ಮೂರನೆಯದರಲ್ಲಿ ಎಡವುತ್ತಾರೆ.

ಎರಡನೇ ಹೆಜ್ಜೆ: ರಕ್ತ ತೆಗೆಯುವ ಹೊತ್ತು

ಸಾಧ್ಯವಾದಷ್ಟೂ ಆ್ಯಂಟಿಬಯೋಟಿಕ್‌ನ ಮೊದಲ ಗುಳಿಗೆಗೆ ಮುನ್ನವೇ ರಕ್ತ ಕೊಡಿ. ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಬರೆದಿದ್ದರಂತೂ ಇದು ಕಡ್ಡಾಯವೆಂದೇ ತಿಳಿಯಿರಿ. ಒಂದೆರಡು ಗುಳಿಗೆ ಒಳಗೆ ಹೋದರೂ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆಯದೆ ಹೋಗಬಹುದು. ರೋಗಿಯ ಸ್ಥಿತಿ ಗಂಭೀರವಾಗಿದ್ದರೆ ಮಾತ್ರ ಪರೀಕ್ಷೆಗಾಗಿ ಔಷಧವನ್ನು ತಡೆಯಬಾರದು.

ಸಿಬಿಸಿಗೆ, ಅಂದರೆ ರಕ್ತಕಣಗಳನ್ನೆಲ್ಲ ಎಣಿಸುವ ಪರೀಕ್ಷೆಗೆ, ರಕ್ತ ಹೋಗುವುದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ. ಇಡಿಟಿಎ ಎಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ. ಹಳ್ಳಿಯಲ್ಲಿ ತೆಗೆದ ರಕ್ತವನ್ನು ಬಸ್ಸಿನಲ್ಲಿ ಪೇಟೆಗೆ ಕಳಿಸುವ ರೂಢಿ ಘಟ್ಟದ ಮೇಲೆ ಇದೆ. ಗಂಟೆಗಟ್ಟಲೆ ಕಳೆದರೆ ಬಿಳಿಕಣಗಳ ಆಕಾರವೇ ಕೆಡುತ್ತದೆ. ರಕ್ತ ತೆಗೆದ ಕೂಡಲೇ ಗಾಜಿನ ಪಟ್ಟಿಯ ಮೇಲೆ ಲೇಪ ಎಳೆದು ಒಣಗಿಸಿ ಕಳಿಸುವುದು ಉತ್ತಮ. ಕಲ್ಚರ್ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಲೇಬಾರದು. ತಣ್ಣಗಾದರೆ ನಾವು ಬೆಳೆಸಬೇಕಾದ ಬ್ಯಾಕ್ಟೀರಿಯಾವೇ ಸಾಯಬಹುದು. ದೊಡ್ಡವರಿಗಾದರೆ ಪ್ರತಿ ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು. 'ಇಷ್ಟೊಂದು ರಕ್ತವೇ!' ಎಂದು ಮನೆಯವರು ಗಾಬರಿಯಾಗುತ್ತಾರೆ. ರಕ್ತ ಕಡಿಮೆಯಾದಷ್ಟೂ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆಯೂ ಕಡಿಮೆ.

ಮೂರನೇ ಹೆಜ್ಜೆ: ಸಿಬಿಸಿಯಲ್ಲಿ ಶೇಕಡಾವಾರನ್ನು ಬಿಟ್ಟು ನಿಜವಾದ ಸಂಖ್ಯೆ ನೋಡಿ

ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಬಿಳಿ ರಕ್ತಕಣಗಳು ದೊಡ್ಡವರಿಗೆ 4,000ದಿಂದ 11,000ದವರೆಗೆ ಇರುತ್ತವೆ. ಅವುಗಳಲ್ಲಿ ನ್ಯೂಟ್ರೋಫಿಲ್‌ಗಳು ಮುಖ್ಯವಾಗಿ ಬ್ಯಾಕ್ಟೀರಿಯಾದ ಮೇಲೆ ಬೀಳುವ ಪಡೆ. ಲಿಂಫೋಸೈಟ್‌ಗಳು ವೈರಸ್ ಹೊಕ್ಕ ಜೀವಕೋಶಗಳನ್ನು ಹುಡುಕಿ ಕೊಲ್ಲುವುದರಲ್ಲಿ, ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ಮಾಡಿಕೊಳ್ಳುವ ಪ್ರೊಟೀನ್) ತಯಾರಿಸುವುದರಲ್ಲಿ ಮುಂದು. ಇದರಿಂದ ಹುಟ್ಟಿದ್ದೇ ಎಲ್ಲರ ಬಾಯಲ್ಲಿರುವ ಸೂತ್ರ: ನ್ಯೂಟ್ರೋಫಿಲ್ ಹೆಚ್ಚಾದರೆ ಬ್ಯಾಕ್ಟೀರಿಯಾ, ಲಿಂಫೋಸೈಟ್ ಹೆಚ್ಚಾದರೆ ವೈರಸ್. ಸೂತ್ರ ಸುಳ್ಳಲ್ಲ, ಅರ್ಧ ಮಾತ್ರ.

ವರದಿಯ ಶೇಕಡಾವಾರು ಹೇಗೆ ದಾರಿ ತಪ್ಪಿಸುತ್ತದೆಂದು ತಿಳಿಯಲು ಮೂರು ಕಲ್ಪಿತ ವರದಿಗಳನ್ನು ಬಿಡಿಸಿ ನೋಡೋಣ. ಒಟ್ಟು ಬಿಳಿಕಣವನ್ನು ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿದರೆ ನಿಜವಾದ ಸಂಖ್ಯೆ ಸಿಗುತ್ತದೆ. ದೊಡ್ಡವರಲ್ಲಿ ನ್ಯೂಟ್ರೋಫಿಲ್ ಸುಮಾರು 2,000ದಿಂದ 7,000, ಲಿಂಫೋಸೈಟ್ ಸುಮಾರು 1,000ದಿಂದ 3,000 ಇದ್ದರೆ ಸಹಜ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿಗಳು ಸ್ವಲ್ಪ ಬದಲಾಗುತ್ತವೆ.

ಮೊದಲನೆಯದು: ಒಟ್ಟು 3,200, ನ್ಯೂಟ್ರೋಫಿಲ್ ಶೇ 42, ಲಿಂಫೋಸೈಟ್ ಶೇ 50. ಲಿಂಫೋಸೈಟ್ ಮುಂದೆ 'ಹೆಚ್ಚು' ಎಂಬ ಗುರುತು ಬಿದ್ದಿರುತ್ತದೆ. ಲೆಕ್ಕ ಹಾಕಿ: ಲಿಂಫೋಸೈಟ್ 1,600, ಅಂದರೆ ಪೂರ್ತಿ ಸಹಜ. ನ್ಯೂಟ್ರೋಫಿಲ್ 1,344, ಅಂದರೆ ಕಡಿಮೆ. ಇಲ್ಲಿ ಲಿಂಫೋಸೈಟ್ ಏರಿಲ್ಲ, ನ್ಯೂಟ್ರೋಫಿಲ್ ಇಳಿದಿದೆ. ಡೆಂಗಿಯ ಮೊದಲ ವಾರದಲ್ಲಿ, ಮಂಗನ ಕಾಯಿಲೆಯಲ್ಲಿ ಇಂಥ ಚಿತ್ರ ಕಾಣಸಿಗುತ್ತದೆ. ಟೈಫಾಯಿಡ್‌ನಲ್ಲೂ ಸಿಗಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಎರಡನೆಯದು: ಒಟ್ಟು 17,500, ನ್ಯೂಟ್ರೋಫಿಲ್ ಶೇ 88. ನಿಜ ಸಂಖ್ಯೆ 15,400. ಜೊತೆಗೆ ಕೆಮ್ಮು, ಕಫ, ಎದೆನೋವು ಇದ್ದರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದೆಂದು ವೈದ್ಯರು ಎದೆಯ ಎಕ್ಸ್‌ರೇ ಕೇಳುತ್ತಾರೆ.

ಮೂರನೆಯದರಲ್ಲಿ ಒಟ್ಟು 9,800. ಗುರುತೇನೂ ಬಿದ್ದಿಲ್ಲ, 'ಬಿಳಿಕಣ ನಾರ್ಮಲ್' ಎಂದು ಮನೆಯವರು ನಿರಾಳರಾಗುತ್ತಾರೆ. ನ್ಯೂಟ್ರೋಫಿಲ್ ಶೇ 84. ಲೆಕ್ಕ ಹಾಕಿದರೆ 8,232. ಸಹಜ ಎಂದುಕೊಂಡ ವರದಿಯೊಳಗೆ ಏರಿದ ನ್ಯೂಟ್ರೋಫಿಲ್ ಅಡಗಿದೆ. ಪ್ಲೇಟ್‌ಲೆಟ್ 62,000. 'ಪ್ಲೇಟ್‌ಲೆಟ್ ಇಳಿದಿದೆ, ಡೆಂಗಿಯೇ ಸರಿ' ಎಂದು ಇಲ್ಲಿ ನಿಲ್ಲಿಸಿದರೆ ದೊಡ್ಡ ಪ್ರಮಾದ. ಈ ರೋಗಿಗೆ ಕಣ್ಣು ಕೆಂಪಾಗಿ, ಮೀನಖಂಡ ಮುಟ್ಟಿಸಿಕೊಳ್ಳಲಾಗದಷ್ಟು ನೋಯುತ್ತಿದ್ದು, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಮತ್ತು ಯಕೃತ್ತಿನ ಸ್ಥಿತಿ ತೋರಿಸುವ ಬಿಲಿರುಬಿನ್ ಏರಿದ್ದರೆ ಅದು ಇಲಿ ಜ್ವರದ ಚಹರೆ. ಇಲಿ ಜ್ವರ ಬ್ಯಾಕ್ಟೀರಿಯಾದ ಕಾಯಿಲೆ. ಅದಕ್ಕೆ ಆ್ಯಂಟಿಬಯೋಟಿಕ್ ಬೇಕು, ಬೇಗ ಬೇಕು.

ಪ್ಲೇಟ್‌ಲೆಟ್ ಬಗ್ಗೆ ಇನ್ನೊಂದು ಮಾತು. ಕೆಲವರ ರಕ್ತದಲ್ಲಿ ಇಡಿಟಿಎ ಟ್ಯೂಬಿನೊಳಗೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರ ಆ ಗುಂಪನ್ನು ಎಣಿಸುವುದಿಲ್ಲ, ಸಂಖ್ಯೆ ಸುಳ್ಳುಸುಳ್ಳೇ ಕಡಿಮೆ ಬರುತ್ತದೆ. ರಕ್ತಸ್ರಾವದ ಯಾವ ಲಕ್ಷಣವೂ ಇಲ್ಲದವರಿಗೆ ಒಮ್ಮೆಲೇ ಇಪ್ಪತ್ತು ಸಾವಿರ ಬಂದರೆ, ಲೇಪವನ್ನು ಕಣ್ಣಿನಿಂದ ನೋಡಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಐದು ವರ್ಷದೊಳಗಿನ ಮಕ್ಕಳಲ್ಲಿ ಲಿಂಫೋಸೈಟ್ ಹೆಚ್ಚಿರುವುದೇ ಸಹಜ, ಅದನ್ನು ನೋಡಿ ವೈರಸ್ ಎನ್ನುವಂತಿಲ್ಲ. ಗರ್ಭಿಣಿಯರಲ್ಲಿ ಸೋಂಕಿಲ್ಲದೆಯೂ ಬಿಳಿಕಣ ಹೆಚ್ಚಿರುತ್ತದೆ. ವಯಸ್ಸಾದವರಲ್ಲಿ ಗಂಭೀರ ಸೋಂಕಿದ್ದರೂ ಏರದಿರಬಹುದು.

ನಾಲ್ಕನೇ ಹೆಜ್ಜೆ: ಗಾಜಿನ ಪಟ್ಟಿಯ ಮೇಲೆ ಕಾಣುವುದು

ಯಂತ್ರ ಎಣಿಸುತ್ತದೆ, ಕಣದ ಒಳಗನ್ನು ನೋಡಲು ಕಣ್ಣು ಬೇಕು. ತೀವ್ರ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಮೂಳೆಯ ಮಜ್ಜೆಯು ಬೆಳೆದು ಮುಗಿಯದ ನ್ಯೂಟ್ರೋಫಿಲ್‌ಗಳನ್ನೂ ರಕ್ತಕ್ಕೆ ಬಿಡುತ್ತದೆ. ಬಲಿತ ನ್ಯೂಟ್ರೋಫಿಲ್‌ನ ಕೇಂದ್ರಬೀಜ ಮೂರ್ನಾಲ್ಕು ಹಾಲೆಗಳಾಗಿ ಒಡೆದಿರುತ್ತದೆ, ಎಳೆಯದರಲ್ಲಿ ಹಾಲೆಯಿಲ್ಲದೆ ಬಾಗಿದ ಪಟ್ಟಿಯಾಗಿ ಉಳಿದಿರುತ್ತದೆ. ಇವುಗಳನ್ನು ಬ್ಯಾಂಡ್ ಕಣಗಳೆನ್ನುತ್ತಾರೆ. ಶೇ 10ಕ್ಕಿಂತ ಹೆಚ್ಚಿದ್ದರೆ, ಒಟ್ಟು ಸಂಖ್ಯೆ ಸಹಜವಿದ್ದರೂ ಎಚ್ಚರ ಬೇಕು. ಕಣದ ಒಳಗೆ ದಟ್ಟ ನೇರಳೆಯ ಒರಟು ಕಾಳುಗಳು ಕಂಡರೆ ವರದಿಯಲ್ಲಿ 'ಟಾಕ್ಸಿಕ್ ಗ್ರಾನ್ಯೂಲ್ಸ್' ಎಂದು ಬರೆಯುತ್ತೇವೆ. ಆ ಸಾಲು ಅಂಕಿಗಳ ಕೆಳಗೆ, ಷರಾ ಎಂಬಲ್ಲಿ, ಸಣ್ಣ ಅಕ್ಷರದಲ್ಲಿರುತ್ತದೆ. ಬಹಳ ಮಂದಿ ಅಲ್ಲಿಯವರೆಗೆ ಓದುವುದೇ ಇಲ್ಲ.

ವೈರಸ್ ಇದ್ದಾಗ ಬೇರೆಯದೇ ನೋಟ. ಲಿಂಫೋಸೈಟ್ ಊದಿಕೊಂಡು, ಅದರ ತಿಳಿನೀಲಿ ಅಂಚು ಪಕ್ಕದ ಕೆಂಪುಕಣವನ್ನು ಬಳಸಿಕೊಂಡಂತೆ ಹರಡಿರುತ್ತದೆ. ಕೆಂಪುಕಣಕ್ಕೆ ತಾಗಿದ ಕಡೆ ನೀಲಿ ಗಾಢವಾಗುತ್ತದೆ. ಡೆಂಗಿಯಲ್ಲಿ ಈ ರೂಪಾಂತರಗೊಂಡ ಲಿಂಫೋಸೈಟ್‌ಗಳು ಚೆನ್ನಾಗಿಯೇ ಕಾಣುತ್ತವೆ. ಮಲೇರಿಯಾದ ಜೀವಿಯೂ ಇದೇ ಬಗೆಯ ಲೇಪದಲ್ಲಿ ಸಿಗುವುದರಿಂದ ಲೇಪ ನೋಡಿಸುವ ಹಣ ವ್ಯರ್ಥವಾಗುವುದಿಲ್ಲ.

ಇನ್ನೊಂದು ಬಗೆಯ ಬಿಳಿಕಣವಾದ ಇಯೋಸಿನೋಫಿಲ್ ಸಾಲನ್ನೂ ನೋಡಿ. ಅಲರ್ಜಿ, ಜಂತುಹುಳು ಇರುವವರಲ್ಲಿ ಅದು ಏರಿರುತ್ತದೆ. ಜ್ವರದಲ್ಲಿ ಅದು ಸೊನ್ನೆಗೆ ಇಳಿದಿದ್ದರೆ ಟೈಫಾಯಿಡ್ ಅಥವಾ ಇನ್ನೊಂದು ತೀವ್ರ ಸೋಂಕಿನ ಸುಳಿವು. ಸುಳಿವು ಮಾತ್ರ.

ಐದನೇ ಹೆಜ್ಜೆ: ಸಿಆರ್‌ಪಿ, ಅದರ ಗಡಿಯಾರ

ಸಿ-ರಿಯಾಕ್ಟಿವ್ ಪ್ರೊಟೀನ್ ಯಕೃತ್ತಿನಲ್ಲಿ ತಯಾರಾಗುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ಮೊದಲು ಕಂಡದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಸೋಂಕಿನಿಂದ ಉರಿಯೂತ ಶುರುವಾಗಿ ಆರೆಂಟು ಗಂಟೆಗೆ ಏರತೊಡಗಿ, ಎರಡು ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಕಾರಣ ನಿವಾರಣೆಯಾದರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಬೆಳಿಗ್ಗೆ ಜ್ವರ ಬಂದು ಮಧ್ಯಾಹ್ನ ಕೊಟ್ಟ ರಕ್ತದಲ್ಲಿ ಸಿಆರ್‌ಪಿ ಕಡಿಮೆ ಬಂದರೆ ಅದು ಏನನ್ನೂ ಹೇಳುವುದಿಲ್ಲ. ಮರುದಿನ ಮತ್ತೆ ನೋಡಬೇಕು.

ಓದುವ ಮೊದಲು ಅಳತೆಯನ್ನು ನೋಡಿಕೊಳ್ಳಿ. ಕೆಲವರು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು, ಕೆಲವರು ಡೆಸಿಲೀಟರಿಗೆ ಇಷ್ಟು ಎಂದು ಬರೆಯುತ್ತಾರೆ. ಎರಡರ ನಡುವೆ ಹತ್ತುಪಟ್ಟು ಅಂತರ. ಡೆಸಿಲೀಟರಿಗೆ 6 ಎಂದರೆ ಲೀಟರಿಗೆ 60. ಶಿರಸಿಯಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿದವರು ಈ ಸಾಲನ್ನು ನೋಡದೆ 'ಏರಿತು', 'ಇಳಿಯಿತು' ಎಂದು ಹೋಲಿಸಬಾರದು.

ಲೀಟರಿಗೆ 10 ಮಿಲಿಗ್ರಾಂಗಿಂತ ಕಡಿಮೆಯಿದ್ದು ಜ್ವರ ಒಂದೆರಡು ದಿನ ದಾಟಿದ್ದರೆ ತೀವ್ರ ಬ್ಯಾಕ್ಟೀರಿಯಾ ಸೋಂಕಿನ ಸಾಧ್ಯತೆ ಕಡಿಮೆ. 100 ದಾಟಿದರೆ ಬ್ಯಾಕ್ಟೀರಿಯಾದ ಕಡೆಗೆ ತಕ್ಕಡಿ ವಾಲುತ್ತದೆ. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2014ರಲ್ಲಿ ಎದೆಯ ಸೋಂಕಿನ ರೋಗಿಗಳಿಗಾಗಿ ಕೊಟ್ಟ ಸಲಹೆಯೂ ಹೀಗೆಯೇ ಇತ್ತು: ಚಿಹ್ನೆಗಳಿಂದ ನ್ಯುಮೋನಿಯಾ ಎಂದು ತೀರ್ಮಾನವಾಗದಿದ್ದಾಗ, 20ಕ್ಕಿಂತ ಕಡಿಮೆಯಿದ್ದರೆ ಆ್ಯಂಟಿಬಯೋಟಿಕ್ ವಾಡಿಕೆಯಾಗಿ ಬೇಡ, 20ರಿಂದ 100ರ ನಡುವೆ ಕಾದು ನೋಡಿ ಬಳಸುವ ಚೀಟಿ, 100 ದಾಟಿದರೆ ಕೊಡಿ. ಆ ನಡುವಿನ ಪಟ್ಟಿಯಲ್ಲಿಯೇ ನಮ್ಮ ಬಹುಪಾಲು ವರದಿಗಳು ಬೀಳುತ್ತವೆ, ಅಲ್ಲಿ ಸಿಆರ್‌ಪಿ ಒಂದನ್ನೇ ನಂಬುವಂತಿಲ್ಲ. ಅಡಿನೋವೈರಸ್ ಮಕ್ಕಳಲ್ಲಿ ಸಿಆರ್‌ಪಿಯನ್ನು ಚೆನ್ನಾಗಿಯೇ ಏರಿಸುತ್ತದೆ, ತೀವ್ರ ಕೋವಿಡ್ ಕೂಡ. ಶಸ್ತ್ರಚಿಕಿತ್ಸೆ, ಪೆಟ್ಟು, ಸಂಧಿವಾತ ಇವೂ ಏರಿಸುತ್ತವೆ. ಯಕೃತ್ತು ಕೆಟ್ಟವರಲ್ಲಿ ಏರಬೇಕಾದಷ್ಟು ಏರುವುದಿಲ್ಲ.

ಇಎಸ್‌ಆರ್ (ಕೆಂಪುಕಣಗಳು ಕೊಳವೆಯ ತಳಕ್ಕೆ ಇಳಿಯುವ ವೇಗ) ಈ ಕೆಲಸಕ್ಕೆ ಆಗುವುದಿಲ್ಲ. ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ, ರಕ್ತಹೀನತೆ ಇದ್ದರೂ ಏರುತ್ತದೆ. ನಾಲ್ಕು ದಿನದ ಜ್ವರಕ್ಕೆ ಅದನ್ನು ಮಾಡಿಸಬೇಕಾದ ಅಗತ್ಯವಿಲ್ಲ.

ಆರನೇ ಹೆಜ್ಜೆ: ಪ್ರೊಕ್ಯಾಲ್ಸಿಟೋನಿನ್ ಯಾರಿಗೆ?

ರಕ್ತದಲ್ಲಿ ಅಳೆಯುವ ಈ ಇನ್ನೊಂದು ಪ್ರೊಟೀನ್ ಸಿಆರ್‌ಪಿಗಿಂತ ಬೇಗ ಏರುತ್ತದೆ, ಬ್ಯಾಕ್ಟೀರಿಯಾದ ಕಡೆಗೆ ಹೆಚ್ಚು ನಿಷ್ಠವಾಗಿದೆ. ವೈರಸ್ ಬಂದಾಗ ದೇಹ ಬಿಡುಗಡೆ ಮಾಡುವ ಗಾಮಾ ಇಂಟರ್‌ಫೆರಾನ್ ಇದರ ಉತ್ಪತ್ತಿಯನ್ನು ತಡೆಯುವುದೇ ಅದಕ್ಕೊಂದು ಕಾರಣ. ಮಿಲಿಲೀಟರಿಗೆ 0.1 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಬ್ಯಾಕ್ಟೀರಿಯಾದ ಸಾಧ್ಯತೆ ಕ್ಷೀಣ. ಎದೆಯ ಸೋಂಕಿನಲ್ಲಿ 0.25 ದಾಟಿದರೆ ಆ್ಯಂಟಿಬಯೋಟಿಕ್ ಪರವಾಗಿ ಯೋಚಿಸುತ್ತಾರೆ. ಮೂತ್ರಪಿಂಡ ಸೋತವರಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆ ಆದವರಲ್ಲಿ, ಮಲೇರಿಯಾದಲ್ಲಿ ಸುಮ್ಮನೆ ಏರಿರಬಹುದು. ಒಂದೇ ಕಡೆ ಕೀವು ಕಟ್ಟಿದ ಸಣ್ಣ ಸೋಂಕಿನಲ್ಲಿ ಏರದೆಯೂ ಇರಬಹುದು.

ದುಬಾರಿ ಪರೀಕ್ಷೆ. ಆಸ್ಪತ್ರೆಗೆ ದಾಖಲಾದವರಿಗೆ, ಅದರಲ್ಲೂ ಆ್ಯಂಟಿಬಯೋಟಿಕ್ ನಿಲ್ಲಿಸಬಹುದೇ ಎಂದು ತೀರ್ಮಾನಿಸಲು, ಇದು ನಿಜಕ್ಕೂ ಉಪಯುಕ್ತ. ನಡೆದಾಡುತ್ತ ಬಂದ ನೆಗಡಿ ಜ್ವರದವರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಏಳನೇ ಹೆಜ್ಜೆ: ಹೆಸರು ಹಿಡಿದು ಹುಡುಕುವ ಪರೀಕ್ಷೆಗಳು

ಮೇಲಿನ ಪರೀಕ್ಷೆಗಳು ದಿಕ್ಕು ತೋರಿಸುತ್ತವೆ, ಊರು ಹೇಳುವುದಿಲ್ಲ. ನಮ್ಮ ಜಿಲ್ಲೆಯ ಜ್ವರಗಳ ತೊಡಕು ಏನೆಂದರೆ, ಇಲ್ಲಿನ ಮುಖ್ಯ ಬ್ಯಾಕ್ಟೀರಿಯಾಗಳು ಸಿಬಿಸಿಯಲ್ಲಿ ವೈರಸ್ಸಿನ ವೇಷ ಹಾಕಿ ಬರುತ್ತವೆ. ಟೈಫಾಯಿಡ್‌ನಲ್ಲಿ ಬಿಳಿಕಣ ಸಹಜ ಅಥವಾ ಕಡಿಮೆ. ಸ್ಕ್ರಬ್ ಟೈಫಸ್‌ನಲ್ಲಿ ಬಿಳಿಕಣ ಬಹಳ ಸಲ ಸಹಜ, ಪ್ಲೇಟ್‌ಲೆಟ್ ಇಳಿದಿರುತ್ತದೆ. ಇಲಿ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುವುದನ್ನು ಆಗಲೇ ಕಂಡೆವು. ಇವು ಮೂರೂ ಆ್ಯಂಟಿಬಯೋಟಿಕ್‌ಗೆ ಬಗ್ಗುವ ಕಾಯಿಲೆಗಳು. ಇಲ್ಲಿ ದಿನದ ಲೆಕ್ಕ ಜೀವ ಉಳಿಸುತ್ತದೆ.

ಡೆಂಗಿಗೆ ಮೊದಲ ಐದು ದಿನ ವೈರಸ್ಸಿನದೇ ಪ್ರೊಟೀನನ್ನು ಹುಡುಕುವ ಎನ್‌ಎಸ್1 ಪರೀಕ್ಷೆ, ಐದನೇ ದಿನದ ನಂತರ ಐಜಿಎಂ, ಅಂದರೆ ಸೋಂಕಿನಲ್ಲಿ ಮೊದಲು ಹುಟ್ಟುವ ಪ್ರತಿಕಾಯದ ಪರೀಕ್ಷೆ. ಎರಡನೇ ದಿನ ಐಜಿಎಂ ಮಾತ್ರ ಮಾಡಿಸಿ 'ಡೆಂಗಿ ಇಲ್ಲ' ಎನ್ನಲಾಗದು. ಕೂಡಲೇ ಫಲಿತಾಂಶ ಕೊಡುವ ಪಟ್ಟಿ ಪರೀಕ್ಷೆಗಿಂತ, ಪ್ರಯೋಗಾಲಯದ ಯಂತ್ರದಲ್ಲಿ ಓದುವ ಎಲೈಸಾ ಹೆಚ್ಚು ನಂಬಲರ್ಹ.

ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಭಾಗದಲ್ಲಿ ಪತ್ತೆಯಾಯಿತು. ಸಿದ್ದಾಪುರ ತಾಲ್ಲೂಕಿನಲ್ಲಿ 2024ರ ಆರಂಭದಲ್ಲೂ ಪ್ರಕರಣಗಳು ಕಂಡವು. ಡಿಸೆಂಬರಿನಿಂದ ಮೇವರೆಗೆ, ಕಾಡಿಗೆ ಹೋಗಿಬರುವ ಕಾಲದಲ್ಲಿ, ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದು ಬಿಳಿಕಣ, ಪ್ಲೇಟ್‌ಲೆಟ್ ಎರಡೂ ಇಳಿದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮೊದಲ ದಿನಗಳಲ್ಲಿ ಪಿಸಿಆರ್ (ವೈರಸ್ಸಿನ ವಂಶವಾಹಿಯನ್ನು ಹುಡುಕುವ ಪರೀಕ್ಷೆ), ನಂತರ ಐಜಿಎಂ. ಖಾಸಗಿಯಲ್ಲಿ ಹುಡುಕಿ ಸಮಯ ಕಳೆಯಬೇಡಿ, ಮಾದರಿ ಸರ್ಕಾರಿ ವ್ಯವಸ್ಥೆಯ ಮೂಲಕವೇ ಹೋಗಬೇಕು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ನಂತರ ಮರಳಿ ಬಂದು ಮಿದುಳನ್ನು ಕಾಡುತ್ತದೆ.

ಇಲಿ ಜ್ವರ, ಸ್ಕ್ರಬ್ ಟೈಫಸ್ ಎರಡಕ್ಕೂ ಐಜಿಎಂ ಮೊದಲ ವಾರದ ಕೊನೆಗೆ ಸಿಗುವಂಥದ್ದು. ಮೂರನೇ ದಿನದ 'ನೆಗೆಟಿವ್' ಕಾಯಿಲೆಯನ್ನು ತಳ್ಳಿಹಾಕುವುದಿಲ್ಲ. ಅದಕ್ಕೇ ಅನುಭವಿ ವೈದ್ಯರು ಗುಣಲಕ್ಷಣ ನೋಡಿ, ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಆರಂಭಿಸುತ್ತಾರೆ. ಅದು ಎರಡಕ್ಕೂ ಕೆಲಸ ಮಾಡುತ್ತದೆ. ಸ್ಕ್ರಬ್ ಟೈಫಸ್‌ಗೆ ಇನ್ನೊಂದು ಸಾಕ್ಷಿ ಮೈಮೇಲೆಯೇ ಇರಬಹುದು. ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಸೊಂಟಪಟ್ಟಿಯ ಜಾಗಗಳಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ, ನೋವಿಲ್ಲದ್ದು. ನೋವಿಲ್ಲದ ಕಾರಣ ರೋಗಿಗೆ ಗೊತ್ತಿರುವುದಿಲ್ಲ, ನಾಚಿಕೆಯಿಂದ ತೋರಿಸುವುದೂ ಇಲ್ಲ. ಮನೆಯವರು ನೋಡಿ ವೈದ್ಯರಿಗೆ ಹೇಳಿ.

ಟೈಫಾಯಿಡ್ ವಿಷಯಕ್ಕೆ ಬಂದರೆ ನನಗೆ ಬೇಸರ ಬರುವುದು ವಿಡಾಲ್ ಪರೀಕ್ಷೆಯ ದುರುಪಯೋಗದ ಬಗ್ಗೆ. 1896ರಲ್ಲಿ ಬಂದ ಈ ಪರೀಕ್ಷೆ ಪ್ರತಿಕಾಯವನ್ನು ನೋಡುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನಲ್ಲ. ಪ್ರತಿಕಾಯ ಎದ್ದು ಕಾಣುವುದು ಎರಡನೇ ವಾರದಲ್ಲಿ. ಹಿಂದೆಂದೋ ಬಂದು ಹೋದ ಸೋಂಕು, ಲಸಿಕೆ, ಬೇರೆ ಜ್ವರಗಳು ಕೂಡ ಇದನ್ನು 'ಪಾಸಿಟಿವ್' ಮಾಡುತ್ತವೆ. ನಮ್ಮಂಥ ಊರುಗಳಲ್ಲಿ ಆರೋಗ್ಯವಂತರಲ್ಲೂ 1:80 (ರಕ್ತದ ಸೀರಮ್ಮನ್ನು 80 ಪಟ್ಟು ತೆಳುಗೊಳಿಸಿದರೂ ಪ್ರತಿಕಾಯ ಕಾಣುವ ಮಟ್ಟ) ಕಾಣುವುದು ಅಪರೂಪವಲ್ಲ. ಎರಡನೇ ದಿನದ 1:80 ನೋಡಿ 'ಟೈಫಾಯಿಡ್ ಬಂದಿದೆ' ಎಂದು ವಾರಗಟ್ಟಲೆ ಚುಚ್ಚುಮದ್ದು ಹಾಕಿಸಿಕೊಂಡವರಲ್ಲಿ ಎಷ್ಟೋ ಮಂದಿಗೆ ಇದ್ದದ್ದು ಬೇರೆ ಜ್ವರ. ಮೊದಲ ವಾರದಲ್ಲಿ ಬ್ಲಡ್ ಕಲ್ಚರ್ ಮಾಡಿಸಿ. ಫಲಿತಾಂಶಕ್ಕೆ ಎರಡು ಮೂರು ದಿನ ಹಿಡಿಯುತ್ತದೆ, ಪೂರ್ತಿ ನೆಗೆಟಿವ್ ಎನ್ನಲು ಸಾಮಾನ್ಯವಾಗಿ ಐದು ದಿನ. ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನೂ ಅದೇ ಹೇಳುತ್ತದೆ. ವಿಡಾಲ್ ಅದನ್ನು ಎಂದೂ ಹೇಳಲಾರದು.

ರಕ್ತದ ಹಿಂದೆಯೇ ಬಿದ್ದು ಮೂತ್ರವನ್ನು ಮರೆಯುವುದೂ ಉಂಟು. ಚಳಿಜ್ವರ, ಸೊಂಟನೋವು, ಉರಿಮೂತ್ರ ಇದ್ದರೆ ಸರಳ ಮೂತ್ರಪರೀಕ್ಷೆ ಎಲ್ಲಕ್ಕಿಂತ ಬೇಗ ದಾರಿ ತೋರಿಸುತ್ತದೆ.

ಎಂಟನೇ ಹೆಜ್ಜೆ: ಎರಡನೇ ವರದಿ

ಒಂದು ದಿನದ ವರದಿಗಿಂತ ಎರಡು ದಿನಗಳ ನಡುವಿನ ಬದಲಾವಣೆ ಹೆಚ್ಚು ಹೇಳುತ್ತದೆ. ಆ್ಯಂಟಿಬಯೋಟಿಕ್ ಶುರುವಾಗಿ ಎರಡು ಮೂರು ದಿನದಲ್ಲಿ ಸಿಆರ್‌ಪಿ ಸ್ಪಷ್ಟವಾಗಿ ಇಳಿದಿದ್ದರೆ ಔಷಧ ತಾಗುತ್ತಿದೆ. ಇಳಿಯದಿದ್ದರೆ ಔಷಧ ತಪ್ಪಿರಬಹುದು, ಎಲ್ಲೋ ಕೀವು ಕಟ್ಟಿರಬಹುದು, ಕಾಯಿಲೆಯೇ ಬೇರೆಯಿರಬಹುದು. ವೈರಸ್ ಜ್ವರ ಬಿಡುತ್ತಿದ್ದಂತೆ ಮತ್ತೆ ಜ್ವರವೇರಿ, ಇಳಿದಿದ್ದ ನ್ಯೂಟ್ರೋಫಿಲ್ ಹಠಾತ್ತನೆ ಏರಿದರೆ ಮೇಲೊಂದು ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದು ಶಂಕಿಸಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್‌ನಷ್ಟೇ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಸಾಲನ್ನೂ ನೋಡಿ: ಜ್ವರ ಬಿಡುವ ಹೊತ್ತಿಗೆ ಪ್ಲೇಟ್‌ಲೆಟ್ ಇಳಿಯುತ್ತ ಹೆಮಟೋಕ್ರಿಟ್ ಏರುತ್ತಿದ್ದರೆ ರಕ್ತನಾಳದಿಂದ ದ್ರವ ಸೋರುತ್ತಿದೆ ಎಂದರ್ಥ. ಜ್ವರ ಬಿಟ್ಟಿತೆಂದು ಮನೆಗೆ ಹೊರಡುವ ಹೊತ್ತು ಅದಲ್ಲ.

ಈ ದಿನಗಳಲ್ಲಿ ಮೈನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಪ್ಯಾರಸಿಟಮಾಲ್ ಮಾತ್ರ, ವೈದ್ಯರು ಹೇಳಿದ ಪ್ರಮಾಣದಲ್ಲಿ. ಹಳೆಯ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದೇ ಲಕೋಟೆಯಲ್ಲಿಟ್ಟು, ಕಾರವಾರಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸಿದಾಗ ಜೊತೆಗೆ ಒಯ್ಯಿರಿ. ಮೊಬೈಲಿನಲ್ಲಿ ಫೋಟೋ ತೆಗೆಯುವಾಗ ಷರಾ ಮತ್ತು ಅಳತೆಯ ಸಾಲು ಕತ್ತರಿಸಿಹೋಗದಂತೆ ನೋಡಿಕೊಳ್ಳಿ.

ವರದಿ ಏನೇ ಇರಲಿ, ಅದಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಬೇಕಾದ ಚಿಹ್ನೆಗಳಿವೆ: ಉಸಿರು ಕಟ್ಟುವುದು, ಮಾತು ತಡವರಿಸುವುದು ಅಥವಾ ಮಂಪರು, ಮೂತ್ರ ತೀರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಎಲ್ಲಿಂದಲಾದರೂ ರಕ್ತ ಬರುವುದು, ಬಿಡದ ವಾಂತಿ ಅಥವಾ ಹೊಟ್ಟೆನೋವು, ಕೈಕಾಲು ತಣ್ಣಗಾಗುವುದು, ಕುತ್ತಿಗೆ ಬಿಗಿಯುವುದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಅದೊಂದೇ ಸಾಕು, ಹೊರಡಿ.